ಬೆನ್ನು ಬಿಡದ ವಿಷಯ

ಗಣಿತದ ಟೀಚರಾಗಿ ಎಷ್ಟೋ ಮಕ್ಕಳಿಗೆ ಅಂಕ ಹಾಕಿದವಳು ನಾನು. ಸೂತ್ರ ಬರೆದರೆ ಒಂದು, ಲೆಕ್ಕ ಬಿಡಿಸಿದರೆ ಎರಡು, ಚಿತ್ರ ಬರೆದು ಕೈಬಿಟ್ಟರೂ ಅರ್ಧ. ಆ ಅರ್ಧಕ್ಕೆ ಜಗಳಕ್ಕೆ ಬಂದ ಅಪ್ಪ ಅಮ್ಮಂದಿರನ್ನೂ ನಿಭಾಯಿಸಿದ್ದೇನೆ. ಆದರೆ ಫಿಸಿಯೋಥೆರಪಿಯ ಹುಡುಗಿ ಪೆನ್ನು ಹಿಡಿದುಕೊಂಡು, "ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ನೀವು ಊಹೆ ಮಾಡಬಹುದಾದ ಅತಿ ದೊಡ್ಡ ನೋವು. ನಿಮ್ಮ ಸೊಂಟಕ್ಕೆ ಹತ್ತಕ್ಕೆ ಎಷ್ಟು ಕೊಡ್ತೀರಿ ಮೇಡಂ?" ಎಂದಾಗ ನನಗೆ ಲೆಕ್ಕವೇ ಮರೆತುಹೋಯಿತು. ನನ್ನ ಊಹಾಶಕ್ತಿ ತಕ್ಕಮಟ್ಟಿಗೆ ಚೆನ್ನಾಗಿಯೇ ಇದೆ. ಹೆರಿಗೆಯನ್ನು ಕಂಡಿದ್ದೇನೆ, ಹಲ್ಲುನೋವನ್ನು ಕಂಡಿದ್ದೇನೆ, ಬಿಸಿ ಎಣ್ಣೆ ಬಿದ್ದ ಕೈಗಳನ್ನೂ ಕಂಡಿದ್ದೇನೆ. ಅವೆಲ್ಲವನ್ನೂ ಮೇಲಿಟ್ಟರೆ ನನ್ನದಕ್ಕೆ ಉಳಿಯುವುದು ನಾಲ್ಕು. ಮೂವತ್ತೈದಕ್ಕೆ ಪಾಸು ಎನ್ನುತ್ತಿದ್ದ ನಮ್ಮ ಹಳೆಯ ಲೆಕ್ಕದಲ್ಲಿ ನಾಲ್ಕು ಎಂದರೆ ಹಾಗೂ ಹೀಗೂ ದಡ ಮುಟ್ಟಿದ ನೋವು. ಅದಕ್ಕೆ ಯಾರು ಮರ್ಯಾದೆ ಕೊಡುತ್ತಾರೆ? ಎಂಟು ಎಂದುಬಿಡೋಣವೆಂದರೆ ಡಿಸ್ಟಿಂಕ್ಷನ್ ಬಂದವರು ಹೀಗೆ ಕುರ್ಚಿಯ ಮೇಲೆ ಕೂತು ಮಾತಾಡುತ್ತಾ ಇರುತ್ತಾರೆಯೇ ಎಂದು ಹುಡುಗಿಗೆ ಅನುಮಾನ ಬರಬಹುದು. ಪರದೆಯ ಆಚೆ ಮಂಡಿಗೆ ಶಾಖ ಕೊಡಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ಯಾವ ಸಂಕೋಚವೂ ಇಲ್ಲದೆ "ನಂದು ಹನ್ನೆರಡು ಬರ್ಕೊಳಮ್ಮ" ಎಂದು ಕೂಗಿದರು. ನಾನು ಆರು ಎಂದೆ. ಫಸ್ಟ್ ಕ್ಲಾಸು. ಮೇಷ್ಟರ ಮನೆತನಕ್ಕೆ ಒಪ್ಪುವ ಅಂಕ.

ಮೂರು ತಿಂಗಳು ಮೀರಿಯೂ ಉಳಿದುಕೊಂಡ, ಅಥವಾ ಹೋಗಿ ಬಂದು ಮಾಡುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ಅದಕ್ಕೂ ತನ್ನದೇ ಆದ ಒಂದು ಸ್ಥಾನ ದಕ್ಕಿತು. ಅಲ್ಲಿಯವರೆಗೆ ಅದು ಬಹುಮಟ್ಟಿಗೆ ಇನ್ಯಾವುದೋ ಕಾಯಿಲೆಯ ಬಾಲ ಹಿಡಿದು ಬರುವ ಲಕ್ಷಣ. ನನ್ನ ಸೊಂಟನೋವು ಆ ಮೂರು ತಿಂಗಳ ಗಡಿಯನ್ನು ದಾಟಿ ಎಷ್ಟೋ ವರ್ಷಗಳಾದವು. ಜಗತ್ತಿನಲ್ಲಿ ಜನರ ದಿನನಿತ್ಯದ ಬಾಳನ್ನು ಅತಿ ಹೆಚ್ಚು ವರ್ಷ ಕುಂಟಿಸುವ ತೊಂದರೆ ಯಾವುದೆಂದು ತಜ್ಞರು ಲೆಕ್ಕ ಹಾಕಿದರೆ ಮೊದಲ ಸ್ಥಾನದಲ್ಲಿ ನಿಲ್ಲುವುದು ಈ ಸೊಂಟನೋವೇ. ಇಷ್ಟು ದೊಡ್ಡ ಸಂಘದ ಸದಸ್ಯೆ ನಾನು ಎಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ.

ರಾಮನಗರದ ನಮ್ಮ ಬೀದಿಗೆ ನನ್ನ ಸೊಂಟನೋವಿನ ಸುದ್ದಿ ಹರಡಲು ಒಂದು ಸಂಜೆ ಸಾಕಾಯಿತು. ಸೊಂಟ ಹಿಡಿದುಕೊಂಡು ಗೇಟು ತೆಗೆದದ್ದನ್ನು ಎದುರುಮನೆಯವರು ನೋಡಿದರು, ಅಷ್ಟೆ. "ಅದು ವಾಯು ಕಣಮ್ಮ, ಆಲೂಗೆಡ್ಡೆ ಬಿಡು" ಎಂದು ಅತ್ತೆಯವರ ತೀರ್ಪು. ಲಕ್ಕಿ ಸೊಪ್ಪು ಬಂತು, ಎಕ್ಕದ ಎಲೆ ಬಂತು, ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿದ ಕಲ್ಲುಪ್ಪಿನ ಗಂಟು ಹಂಚಿನ ಮೇಲೆ ಬೆಚ್ಚಗಾಯಿತು. ಮಹಾನಾರಾಯಣ ತೈಲವನ್ನು ಒಬ್ಬರು ಹೊಗಳಿದರೆ ಧನ್ವಂತರಂ ತೈಲವನ್ನು ಇನ್ನೊಬ್ಬರು. 1893ರಿಂದ ಈ ದೇಶದ ಹಣೆಗಳನ್ನು ಉರಿಸುತ್ತಾ ಬಂದಿರುವ ಅಮೃತಾಂಜನವಂತೂ ಮನೆಯಲ್ಲೇ ಇತ್ತು. ನಾನು ತರಗತಿಗೆ ಕಾಲಿಡುವ ಮೊದಲೇ ನೀಲಗಿರಿ ಎಣ್ಣೆಯ ವಾಸನೆ ಒಳಗೆ ಹೋಗಿ ಹಾಜರಿ ಹಾಕುತ್ತಿತ್ತು. ಹಿಂದಿನ ಬೆಂಚಿನ ಹುಡುಗರಿಗೆ ಅದೊಂದು ಉಪಕಾರವೇ ಆಯಿತು, ನಾನು ಬರುವುದು ವರಾಂಡದಿಂದಲೇ ತಿಳಿಯುತ್ತಿತ್ತಲ್ಲ.

ಈ ಎಣ್ಣೆಗಳನ್ನು ನಾನು ಗೇಲಿ ಮಾಡಲಾರೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ ಎಂಬ ವಾದ ಮುಂದಿಟ್ಟರು. ನೋವಿನ ಸಂದೇಶ ಮೆದುಳಿಗೆ ಹೋಗಬೇಕಾದರೆ ಆ ಬಾಗಿಲನ್ನು ದಾಟಬೇಕು. ಉಜ್ಜಿದ, ನೀವಿದ ಸ್ಪರ್ಶದ ಸಂದೇಶವೂ ಅದೇ ಹೊತ್ತಿಗೆ ಅಲ್ಲಿಗೆ ಬಂದರೆ ಬಾಗಿಲು ಅರೆ ಮುಚ್ಚುತ್ತದೆ. ಮೇಲಿನಿಂದ ಮೆದುಳೂ ಆ ಬಾಗಿಲನ್ನು ತೆರೆಯಬಲ್ಲದು, ಮುಚ್ಚಬಲ್ಲದು. ಭಯ, ಬೇಸರ, ನಿದ್ದೆಗೇಡು ಇದ್ದ ದಿನ ಅಗಲವಾಗಿ ತೆರೆದುಕೊಳ್ಳುತ್ತದೆ. ಆ ಸಿದ್ಧಾಂತದ ಒಳವಿವರಗಳು ಆಮೇಲೆ ಎಷ್ಟೋ ಬದಲಾಗಿವೆ, ಮೂಲದ ಮಾತು ಉಳಿದಿದೆ. ಬಿದ್ದ ಮಗುವಿನ ಮಂಡಿ ಉಜ್ಜಿ ಉಫ್ ಎಂದು ಊದುವ ಎಲ್ಲ ತಾಯಂದಿರೂ ಈ ವಿಜ್ಞಾನವನ್ನು ಓದದೆಯೇ ಪ್ರಯೋಗ ಮಾಡಿದವರು. ಅತ್ತೆಯವರ ತೈಲದಲ್ಲಿ ಎಷ್ಟು ಗುಣವಿತ್ತೋ, ಆದರೆ ರಾತ್ರಿ ಒಂಬತ್ತರ ಧಾರಾವಾಹಿ ಬಿಟ್ಟು ಬಂದು ಸೊಂಟ ನೀವಿದ ಅವರ ಅಂಗೈಯಲ್ಲಂತೂ ಇತ್ತು.

ಎಣ್ಣೆಗೂ ಬಗ್ಗದಿದ್ದಾಗ ಉಳುಕು ಎಂದು ರೋಗದ ಹೆಸರು ಬದಲಾಯಿತು. ಕಾಲು ಮುಂದಾಗಿ ಹುಟ್ಟಿದವರ ಕೈಲಿ, ಅಲ್ಲ ಕಾಲಲ್ಲಿ, ಒದೆಸಿಕೊಂಡರೆ ಸೊಂಟದ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಹಳೆಯದು. ಬೀದಿಯಲ್ಲಿ ಅಂಥವನೊಬ್ಬನಿದ್ದ. ದುರದೃಷ್ಟವೆಂದರೆ ಅವನು ನನ್ನದೇ ಶಾಲೆಯ ಒಂಬತ್ತನೇ ತರಗತಿಯಲ್ಲಿದ್ದ, ಮತ್ತು ಆ ವಾರವಷ್ಟೇ ಬೀಜಗಣಿತದಲ್ಲಿ ಅವನಿಗೆ ಇಪ್ಪತ್ತೈದಕ್ಕೆ ಮೂರು ಬಂದಿತ್ತು. ಅವನ ಅಜ್ಜಿಯೇ ಕೈಹಿಡಿದು ಕರೆತಂದರು. ಹಿತ್ತಿಲಲ್ಲಿ ನಾನು ಗೋಡೆ ಹಿಡಿದು ಬಗ್ಗಿ ನಿಂತೆ. ಹುಡುಗ ಹಿಂದೆ ನಿಂತು ಬಹಳ ವಿನಯದಿಂದ, "ಮಿಸ್, ಮೆತ್ತಗಾ, ಜೋರಾಗಾ?" ಎಂದು ಕೇಳಿದ. ಅಜ್ಜಿ, "ಎಡಗಾಲಲ್ಲಿ ಮೂರು ಸಲ, ಮನಸಿಟ್ಟು ಒದಿಯೋ" ಎಂದರು. ಅವನು ಮನಸ್ಸಿಟ್ಟು ಮಾಡಿದ ಕೆಲಸ ಆ ವರ್ಷದಲ್ಲಿ ಅದೊಂದೇ ಇರಬೇಕು. ಉಳುಕು ಬಿಡಲಿಲ್ಲ. ಆದರೆ ಆಮೇಲೆ ಆ ಹುಡುಗ ನನ್ನ ತರಗತಿಯಲ್ಲಿ ಯಾಕೋ ಹೆದರಿಕೆ ಬಿಟ್ಟು ಪ್ರಶ್ನೆ ಕೇಳತೊಡಗಿದ, ಪೂರಕ ಪರೀಕ್ಷೆಯ ದಾರಿ ಹಿಡಿಯದೆ ಪಾಸೂ ಆದ. ಚಿಕಿತ್ಸೆ ಯಾರಿಗೆ ಆಯಿತೆಂದು ನಾನು ಈಗಲೂ ಯೋಚಿಸುವುದುಂಟು.

ಕೊನೆಗೆ ಬೆಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಿದ್ದಾಯಿತು. ಫಿಲ್ಮು ಮನೆಗೆ ಬಂದ ಸಂಜೆ ನಮ್ಮ ಭಾವನವರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಬೆರಳಾಡಿಸಿ, "ನೋಡು, ಎಲ್ ಫೋರ್ ಎಲ್ ಫೈವ್" ಎಂದರು. ಅವರು ಕೆಇಬಿಯಿಂದ ನಿವೃತ್ತರಾದವರು. ಆದರೂ ಎಲ್ ಫೋರ್ ಎಲ್ ಫೈವ್ ಯಾವುದೆಂದು ಗೊತ್ತಿರಲು ನಮ್ಮ ರಾಜ್ಯದಲ್ಲಿ ವೈದ್ಯಕೀಯ ಓದಬೇಕಾಗಿಲ್ಲ. ಡಿಸ್ಕು ಉಬ್ಬಿದೆ, ಸವೆದಿದೆ, ನೀರು ಆರಿದೆ ಎಂದೆಲ್ಲ ವರದಿಯಲ್ಲಿತ್ತು. ಓದಿದ ರಾತ್ರಿ ಮಗ್ಗುಲು ಬದಲಿಸಲೂ ಹೆದರಿಕೆ. ಒಳಗೆ ಏನೋ ಕಳಚಿ ಬೀಳುತ್ತದೆ ಎಂಬ ಭಾವನೆ.

ಆ ಹೆದರಿಕೆ ಬಿಡಿಸಿದ್ದು 1994ರ ಒಂದು ಅಮೆರಿಕನ್ ಅಧ್ಯಯನ. ಬೆನ್ನುನೋವೇ ಇಲ್ಲದ 98 ಮಂದಿಯ ಬೆನ್ನಿನ ಎಂಆರ್‌ಐ ತೆಗೆದು ನೋಡಿದರೆ, ಅರ್ಧಕ್ಕೂ ಹೆಚ್ಚು ಜನರಿಗೆ ಒಂದಲ್ಲ ಒಂದು ಡಿಸ್ಕು ಉಬ್ಬಿತ್ತು. ಎಲ್ಲ ಡಿಸ್ಕೂ ಸರಿಯಾಗಿದ್ದವರು ನೂರಕ್ಕೆ 36 ಮಂದಿ ಮಾತ್ರ. ಉಳಿದವರು ಹಾಯಾಗಿ ಓಡಾಡಿಕೊಂಡಿದ್ದರು, ಯಾರೂ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿರಲಿಲ್ಲ, ಅಷ್ಟೆ. ಇದರ ಅರ್ಥ ನನ್ನ ನೋವು ಸುಳ್ಳೆಂದಲ್ಲ. ಫಿಲ್ಮಿನಲ್ಲಿ ಕಂಡ ಉಬ್ಬೇ ನೋವಿನ ಅಳತೆಗೋಲಲ್ಲ ಎಂದು. ಕೂದಲು ನರೆಯುವಂತೆ ಬೆನ್ನೂ ನರೆಯುತ್ತದೆ ಎಂದು ನನ್ನನ್ನು ನೋಡಿದ ಮೂಳೆ ಡಾಕ್ಟರು ಹೇಳಿ, ವರದಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಎಂದರು.

ಆಮೇಲೆ ನನಗೆ ಹೊಳೆದದ್ದು ಇಷ್ಟು. ನನ್ನ ಸೊಂಟ ನಮ್ಮ ಟೀವಿಯ ಸುದ್ದಿವಾಹಿನಿಯಾಗಿದೆ. ಬೆಳಗ್ಗೆ ಎದ್ದಾಗಿನಿಂದ ಬ್ರೇಕಿಂಗ್ ನ್ಯೂಸ್. ಕೆಂಪು ಪಟ್ಟಿ, ಡೋಲಿನ ಸದ್ದು, ಬಾಣದ ಗುರುತು. ಓಡಿಬಂದು ನೋಡಿದರೆ ನಿನ್ನೆಯದೇ ಸುದ್ದಿ. ಹೊಸದಾಗಿ ಸುಟ್ಟ ಬೆರಳು ಚುರ್ರೆಂದರೆ ಅದು ಸುದ್ದಿ, ಕೈ ಹಿಂತೆಗೆಯಬೇಕು. ವರ್ಷಗಳಿಂದ ಇರುವ ನೋವು ಹೊಸದೇನನ್ನೂ ಹೇಳುತ್ತಿರುವುದಿಲ್ಲ, ಎಚ್ಚರಿಸುವ ನರಗಳೇ ಸಣ್ಣದಕ್ಕೂ ಕೂಗುವುದನ್ನು ರೂಢಿ ಮಾಡಿಕೊಂಡುಬಿಟ್ಟಿರುತ್ತವೆ. ಟೀವಿ ಆರಿಸಲು ಬರುವುದಿಲ್ಲ. ಆದರೆ ಪ್ರತಿ ಸಲವೂ ಅದರ ಮುಂದೆ ಹೋಗಿ ಕೂರಬೇಕೆಂಬ ಕಾನೂನಿಲ್ಲ. ಸೊಂಟ ಕೂಗುತ್ತಿರುವಾಗಲೇ ಒಗ್ಗರಣೆ ಹಾಕಬಹುದು, ಪೈಥಾಗೊರಸನ ಪ್ರಮೇಯ ಹೇಳಿಕೊಡಬಹುದು, ಸಿನಿಮಾ ನೋಡಬಹುದು.

ಹಾಗೆಂದು ಎಲ್ಲವನ್ನೂ ಕಡೆಗಣಿಸುವ ಜಂಭವೂ ಬೇಡ. ಕಾಲಿನ ಬಲ ಕುಗ್ಗಿ ಪಾದ ಎಳೆಯತೊಡಗಿದರೆ, ಕೂರುವ ಜಾಗದಲ್ಲಿ ಮರಗಟ್ಟಿದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ಜ್ವರವೋ ಕಾರಣವಿಲ್ಲದೆ ತೂಕ ಇಳಿಯುವುದೋ ಜೊತೆಗೆ ಬಂದರೆ ಅದು ನಿಜವಾದ ಸುದ್ದಿ. ಆಗ ಎಣ್ಣೆ, ಒದೆ, ಪ್ರಬಂಧ ಎಲ್ಲ ಬಿಟ್ಟು ಆಸ್ಪತ್ರೆಗೆ ಓಡಬೇಕು.

ನಮ್ಮ ಹಿರಿಯರ ಮದ್ದು ಹಾಸಿಗೆ. ವೈದ್ಯರದ್ದೂ ಹಿಂದೆ ಅದೇ ಆಗಿತ್ತು, ವಾರಗಟ್ಟಲೆ ಮಲಗಿಸುತ್ತಿದ್ದರು. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ ನೌಕರರಲ್ಲಿ ಹೊಸದಾಗಿ ಸೊಂಟ ಹಿಡಿದುಕೊಂಡವರನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪು ಎರಡು ದಿನ ಮಲಗಿತು, ಒಂದು ವ್ಯಾಯಾಮ ಮಾಡಿತು, ಇನ್ನೊಂದು ತಡೆದುಕೊಳ್ಳುವಷ್ಟು ಮಟ್ಟಿಗೆ ಎಂದಿನ ಕೆಲಸಗಳಲ್ಲೇ ಇತ್ತು. ಬೇಗ ಸುಧಾರಿಸಿದ್ದು ಎಂದಿನ ಕೆಲಸದವರೇ. ಇದನ್ನು ಅತ್ತೆಯವರಿಗೆ ಓದಿ ಹೇಳಿದೆ. "ಅಂದ್ರೆ ನಾಳೆಯಿಂದ ಮುದ್ದೆ ನೀನೇ ತಿರುವ್ತೀಯ?" ಎಂದರು. ವಿಜ್ಞಾನವನ್ನು ಮನೆಯೊಳಗೆ ತರುವಾಗ ಎಚ್ಚರ ಬೇಕು.

ನಿಜವಾಗಿ ಕಷ್ಟವಾದದ್ದು ಮಲಗುವುದೂ ಅಲ್ಲ, ಏಳುವುದೂ ಅಲ್ಲ, ನಿಲ್ಲಿಸುವುದು. ನೋವಿರುವವರಿಗೆ ಅತ್ಯಂತ ಅಪಾಯದ ದಿನ ಯಾವುದೆಂದರೆ ಚೆನ್ನಾಗಿರುವ ದಿನ. ಬೆಳಗ್ಗೆ ಎದ್ದಾಗ ಮೈ ಹಗುರವಾಗಿದ್ದರೆ ಸಾಕು, ಅಟ್ಟದ ಪಾತ್ರೆ ಇಳಿಸಿ, ಪರದೆ ಒಗೆದು, ಹಿತ್ತಿಲ ಕಳೆ ಕಿತ್ತು, ಬಾಕಿಯನ್ನೆಲ್ಲ ಒಂದೇ ಏಟಿಗೆ ತೀರಿಸುವ ಉತ್ಸಾಹ. ಮಾರನೆಯ ದಿನ ಹಾಸಿಗೆಯೇ ಗತಿ. ವಿಲ್ಬರ್ಟ್ ಫೋರ್ಡೈಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1976ರಲ್ಲಿ ಬರೆದ ಪುಸ್ತಕದಲ್ಲಿ ಇದಕ್ಕೊಂದು ಉಪಾಯ ಹೇಳಿದ್ದಾರೆ. ನೋವು ಬರುವವರೆಗೆ ಕೆಲಸ ಮಾಡಿ ಆಮೇಲೆ ವಿಶ್ರಾಂತಿ ತೆಗೆದುಕೊಂಡರೆ ವಿಶ್ರಾಂತಿ ನೋವಿಗೆ ಸಿಕ್ಕ ಬಹುಮಾನವಾಗುತ್ತದೆ. ಅದರ ಬದಲು ಇಷ್ಟು ಕೆಲಸ ಎಂದು ಮೊದಲೇ ಗೊತ್ತುಮಾಡಿ, ಅಷ್ಟಾದ ಮೇಲೆ ನೋವಿರಲಿ ಬಿಡಲಿ ನಿಲ್ಲಿಸಬೇಕು, ಆ ಅಳತೆಯನ್ನು ನಿಧಾನವಾಗಿ ಏರಿಸುತ್ತಾ ಹೋಗಬೇಕು. ಕೇಳಲು ಸುಲಭ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ಕೇಂದ್ರದಲ್ಲಿ ಪಾಲಿಸಿ ನೋಡಿ. ಬೆನ್ನಿಗೆ ಆಸರೆಯಿಲ್ಲದ ಬೆಂಚು, ಸುತ್ತ ಗಂಟುಮುಖದ ಮೇಷ್ಟರುಗಳು, ನಡುವೆ ನಾನೊಬ್ಬಳು ಐದೈದು ಪತ್ರಿಕೆಗೊಮ್ಮೆ ಎದ್ದು ಕಿಟಕಿಯವರೆಗೆ ನಡೆದು ಬರುವುದು. ಮೊದಲ ದಿನ ಮುಖ್ಯ ಮೌಲ್ಯಮಾಪಕರು ಏನೋ ಅಕ್ರಮ ನಡೆಯುತ್ತಿದೆಯೆಂದು ನನ್ನ ಹಿಂದೆಯೇ ಕಿಟಕಿಗೆ ಬಂದರು. ಮೂರನೆಯ ದಿನದ ಹೊತ್ತಿಗೆ ಅವರೂ ಸೊಂಟ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಿಂತು ಹೊರಗಿನ ಹೊಂಗೆಮರ ನೋಡುತ್ತಿದ್ದರು.

ಮಾತ್ರೆಯ ಮಾತಿಗೆ ಬಂದರೆ ನನ್ನ ಯೋಚನೆ ಯಾವಾಗಲೂ ರಾಮದೇವರ ಬೆಟ್ಟದ ಕಡೆ ಹೊರಳುತ್ತದೆ. 'ಶೋಲೆ' ಚಿತ್ರದ ಗಬ್ಬರನ ಬಂಡೆಗಳೆಂದು ಹೊರಗಿನವರು ನೋಡಲು ಬರುವ ಬೆಟ್ಟವೇ. ನಮಗೆ ಅದು ಪಟ್ಟಾಭಿರಾಮನ ಗುಡಿಯ ಬೆಟ್ಟ, ಮತ್ತು ರಣಹದ್ದುಗಳ ಬೆಟ್ಟ. ಉದ್ದ ಕೊಕ್ಕಿನ ರಣಹದ್ದುಗಳು ಅಲ್ಲಿಯ ಬಂಡೆಯ ಅಂಚುಗಳಲ್ಲಿ ಗೂಡು ಮಾಡುತ್ತವೆ. 2012ರಲ್ಲಿ ಅದನ್ನು ರಣಹದ್ದುಗಳ ವನ್ಯಧಾಮವೆಂದು ಘೋಷಿಸಿದರು. ಆ ಹೊತ್ತಿಗೆ ಉಳಿದಿದ್ದದ್ದು ಬೆರಳೆಣಿಕೆಯ ಹಕ್ಕಿಗಳು. ಇಡೀ ಉಪಖಂಡದಲ್ಲಿ ರಣಹದ್ದುಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತುಹೋದದ್ದೇಕೆಂದು ತಿಳಿಯದೆ ಬಹಳ ಕಾಲ ಎಲ್ಲರೂ ತಲೆಕೆಡಿಸಿಕೊಂಡಿದ್ದರು. 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ ಕಾರಣ ಹೊರಬಿತ್ತು. ಡೈಕ್ಲೋಫೆನಾಕ್. ನನ್ನ ವ್ಯಾನಿಟಿ ಬ್ಯಾಗಿನ ಸಣ್ಣ ಜಿಪ್ಪಿನಲ್ಲಿ ಸದಾ ಇರುತ್ತಿದ್ದ ಅದೇ ನೋವಿನ ಔಷಧಿ. ಕುಂಟುವ ದನಕ್ಕೆ, ಬಾವು ಬಂದ ಎತ್ತಿಗೆ ಅದನ್ನು ಚುಚ್ಚುತ್ತಿದ್ದರು. ಆ ದನ ಸತ್ತರೆ, ಅದನ್ನು ತಿಂದ ಹದ್ದು ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾಯುತ್ತಿತ್ತು. 2006ರಲ್ಲಿ ಪಶುವೈದ್ಯದಲ್ಲಿ ಅದರ ಬಳಕೆ ತಡೆಯಲು ಸರ್ಕಾರ ಮುಂದಾಯಿತು. ಪಾಪದ ಮುದಿ ಎತ್ತಿನ ನೋವು ಇಳಿಸಲು ಹೋಗಿ ಆಕಾಶವೇ ಖಾಲಿಯಾಯಿತು. ಯಾರನ್ನು ಬೈಯುವುದು? ಕುಂಟುವ ಎತ್ತನ್ನು ನೋಡಲಾರದ ರೈತನನ್ನೇ?

ಮನುಷ್ಯರ ಮೂತ್ರಪಿಂಡವೇನೂ ಈ ಜಾತಿಯ ಮಾತ್ರೆಗಳಿಗೆ ಅಭೇದ್ಯವಲ್ಲ. ಹೊಟ್ಟೆಯಂತೂ ಮೊದಲು ದೂರು ಕೊಡುತ್ತದೆ. ಮೆಡಿಕಲ್ ಶಾಪಿನಲ್ಲಿ "ಆ ಹಳದಿ ಮಾತ್ರೆ ಒಂದು ಶೀಟ್ ಕೊಡಪ್ಪ" ಎಂದು ಕೇಳಿ ಪಡೆದು ತಿಂಗಳುಗಟ್ಟಲೆ ನುಂಗುವವರು ನಮ್ಮಲ್ಲಿ ಬಹಳ. ನಾನು ಡಾಕ್ಟರನ್ನು ಕೇಳಿ, ತೀರ ಬೇಕಾದಾಗ, ಊಟವಾದ ಮೇಲೆ ತೆಗೆದುಕೊಳ್ಳುತ್ತೇನೆ. ನುಂಗುವಾಗ ಹದ್ದುಗಳ ನೆನಪಾಗುತ್ತದೆ. ಆದರೂ ನುಂಗುತ್ತೇನೆ.

ನೋವಿನ ವೈದ್ಯಕೀಯ ಎಂಬ ವಿಭಾಗವನ್ನೇ ಕಟ್ಟಿದವರು ಒಬ್ಬ ಕುಸ್ತಿ ಪೈಲ್ವಾನರು ಎಂದರೆ ನೀವು ನಂಬಲಿಕ್ಕಿಲ್ಲ. ಜಾನ್ ಬೊನಿಕಾ, ಸಿಸಿಲಿಯ ಹತ್ತಿರದ ಫಿಲಿಕುಡಿ ಎಂಬ ಪುಟ್ಟ ದ್ವೀಪದಲ್ಲಿ 1917ರಲ್ಲಿ ಹುಟ್ಟಿ, ಹುಡುಗನಾಗಿ ಅಮೆರಿಕಕ್ಕೆ ಹೋದವರು. ವೈದ್ಯಕೀಯ ಓದಿನ ಖರ್ಚಿಗೆ ಮುಖವಾಡ ಹಾಕಿಕೊಂಡು ಅಖಾಡಕ್ಕಿಳಿಯುತ್ತಿದ್ದರು. ಹಗಲು ಆಸ್ಪತ್ರೆ, ರಾತ್ರಿ ಕುಸ್ತಿ. ಸೈನಿಕ ಆಸ್ಪತ್ರೆಯಲ್ಲಿ, ಗಾಯ ಮಾಗಿದರೂ ನೋವು ಮಾಗದ ಸಿಪಾಯಿಗಳನ್ನು ಕಂಡು, ಒಬ್ಬ ವೈದ್ಯನಿಂದ ಇದು ಆಗುವುದಲ್ಲ, ಹಲವರು ಕೂತು ನೋಡಬೇಕಾದ ಕೇಸು ಎಂದು ಮನಗಂಡರು. 1953ರಲ್ಲಿ ನೋವಿನ ಚಿಕಿತ್ಸೆಯ ಬಗ್ಗೆ ದಪ್ಪ ಗ್ರಂಥ ಬರೆದರು, 1973ರಲ್ಲಿ ನೋವಿನ ಅಧ್ಯಯನಕ್ಕೆಂದೇ ಅಂತರರಾಷ್ಟ್ರೀಯ ಸಂಘ ಕಟ್ಟಿದರು. ಅಖಾಡದ ಪೆಟ್ಟುಗಳು ಅವರನ್ನು ಕೊನೆವರೆಗೂ ಬಿಡಲಿಲ್ಲ. ಸೊಂಟದ ಕೀಲಿಗೆ, ಭುಜಕ್ಕೆ ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ. ರೋಗಿಗಳಿಗೆ ಧೈರ್ಯ ಹೇಳುವ ಹೊತ್ತಿಗೆ ಅವರ ಮೈಯೂ ನೋಯುತ್ತಿತ್ತು. ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿದ್ದು ಪದವಿಗಳಿಂದಲ್ಲ, ಇದರಿಂದ.

ಇಷ್ಟೆಲ್ಲ ಬರೆಯಲು ನನಗೆ ಆಗುತ್ತಿರುವುದು ಸಂಬಳ ಸಹಿತ ರಜೆ ಇರುವ ಕೆಲಸದಿಂದ ಎಂಬುದನ್ನೂ ಹೇಳಬೇಕು. ನಮ್ಮೂರು ರೇಷ್ಮೆಗೂಡಿನ ಊರು. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಯ ತಾಯಂದಿರು ನೂಲು ಬಿಚ್ಚುವ ಘಟಕಗಳಲ್ಲಿ ದುಡಿಯುತ್ತಾರೆ. ಬಿಸಿನೀರಿನಲ್ಲಿ ಬೆಂದ ಗೂಡುಗಳ ಎಳೆ ಹುಡುಕಲು ಕೈ ದಿನವಿಡೀ ಆ ನೀರಿನಲ್ಲೇ ಇರಬೇಕು, ಬೆನ್ನು ಬಾಗಿಯೇ ಇರಬೇಕು, ಮೂಗಿಗೆ ಬೆಂದ ಹುಳುವಿನ ವಾಸನೆ. ಪೋಷಕರ ಸಭೆಗೆ ಬಂದ ಒಬ್ಬಾಕೆ ಮಗಳ ಅಂಕಪಟ್ಟಿಗೆ ಸಹಿ ಮಾಡಲು ಪೆನ್ನು ಹಿಡಿದಾಗ ಬೆರಳು ಮಡಚಲಿಲ್ಲ. "ಸೊಂಟಾನೂ ಹಂಗೇ ಮಿಸ್, ನೀವು ಎದ್ದೆದ್ದು ನಿಂತ್ಕೋತೀರಂತಲ್ಲ, ನನ್ ಮಗಳು ಹೇಳ್ತಾಳೆ" ಎಂದಳು. ಹೌದು, ನೀವೂ ಹಾಗೆ ಮಾಡಿ ಎಂದೆ. ನಕ್ಕಳು. "ನಾನ್ ಎದ್ರೆ ಎಳೆ ಕಡಿದೋಗುತ್ತೆ." ಫೋರ್ಡೈಸರ ಪುಸ್ತಕ ಅವಳ ಬೇಸಿನ್ನಿನ ಮುಂದೆ ಏನು ಹೇಳೀತು? ಅವಳು ತಾನೇ ಕಂಡುಕೊಂಡ ದಾರಿಯೊಂದಿತ್ತು. ಪಕ್ಕದವಳೊಡನೆ ಒಪ್ಪಂದ, ಇವಳು ಗೂಡು ಬೇಯಿಸಲು ಎದ್ದಾಗ ಅವಳು ಎರಡೂ ಕಡೆಯ ಎಳೆ ನೋಡಿಕೊಳ್ಳುವುದು, ಆಮೇಲೆ ಸರದಿ ಬದಲು. ಮಾಲೀಕನಿಗೆ ಗೊತ್ತಾಗದ ಹಾಗೆ. ನಮ್ಮ ಮೌಲ್ಯಮಾಪನ ಕೇಂದ್ರದ ಕಿಟಕಿಗಿಂತ ಇದು ಎಷ್ಟೋ ಚೆಂದದ ಏರ್ಪಾಡು. ಚೆನ್ನಾಗಿ ಬಾಳುವುದು ಎಂದರೆ ಧ್ಯಾನ, ಯೋಗ, ಧೈರ್ಯ ಎಂದು ಪುಸ್ತಕಗಳು ಹೇಳುತ್ತವೆ. ಪಕ್ಕದಲ್ಲಿ ಎಳೆ ಹಿಡಿಯಲು ಒಬ್ಬರಿರಬೇಕು ಎಂದು ಹೇಳುವುದಿಲ್ಲ.

ಈ ನೋವಿನ ಇನ್ನೊಂದು ತೊಡಕು ಅದು ಕಾಣದಿರುವುದು. ಪ್ಲಾಸ್ಟರು ಹಾಕಿದ ಕೈಗೆ ಬಸ್ಸಿನಲ್ಲಿ ಸೀಟು ಸಿಗುತ್ತದೆ. ನನಗೆ ಸಿಕ್ಕರೂ ಹಿಂದಿನ ಚಕ್ರದ ಮೇಲಿನದು, ರಸ್ತೆಯ ಹಂಪಿಗೊಮ್ಮೆ ಎಲ್ ಫೋರು ಎಲ್ ಫೈವಿಗೆ ಮುಖಾಮುಖಿ. "ನೋಡೋಕೆ ಚೆನ್ನಾಗೇ ಇದ್ದೀರಲ್ಲ" ಎನ್ನುತ್ತಾರೆ ಜನ, ಹೊಗಳಿಕೆಯೋ ಆರೋಪವೋ ತಿಳಿಯದ ಸ್ವರದಲ್ಲಿ. "ಈಗ ಹೇಗಿದೆ?" ಎಂದು ಕೇಳುವವರಿಗೆ ಬೇಕಾದದ್ದು 'ವಾಸಿಯಾಯಿತು' ಎಂಬ ಉತ್ತರ. ಅದನ್ನು ಕೊಡದಿದ್ದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ, ಅವರ ತೈಲಕ್ಕೆ ಅವಮಾನ ಮಾಡಿದೆನೇನೋ ಎಂದು ನನಗೇ ಅನಿಸುತ್ತದೆ. ಈಗೀಗ "ಇದೆ, ನಡೀತಿದೆ" ಎನ್ನುತ್ತೇನೆ. ಎರಡೂ ನಿಜ.

ಮದುವೆಮನೆಗಳಲ್ಲಿ ಮಾತ್ರ ನನ್ನ ಕುಲಬಾಂಧವರು ಕಾಣಸಿಗುತ್ತಾರೆ. ಕಲ್ಯಾಣ ಮಂಟಪದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅರ್ಧ ಗಂಟೆ ಕಳೆದ ಮೇಲೆ ತಿರುಗಿ ನೋಡಿ, ಹಿಂಬಾಗಿಲ ಬಳಿ ಕಂಬಕ್ಕೆ ಬೆನ್ನು ಕೊಟ್ಟು ಒಂದು ಸಣ್ಣ ಗುಂಪು ನಿಂತಿರುತ್ತದೆ. ಹೋದ ಮಾಘದಲ್ಲಿ ಚನ್ನಪಟ್ಟಣದ ಒಂದು ಮದುವೆಯಲ್ಲಿ ನಾವು ಐದು ಜನ ಸೇರಿದ್ದೆವು. ಒಬ್ಬರದು ಮಂಡಿ, ಒಬ್ಬರದು ಕುತ್ತಿಗೆ, ಉಳಿದವರೆಲ್ಲ ನನ್ನ ಪೈಕಿ. ಮೊದಲ ಐದು ನಿಮಿಷ ಎಣ್ಣೆ, ಡಾಕ್ಟರು, ಬೆಲ್ಟುಗಳ ವಿಚಾರ ವಿನಿಮಯವಾಗಿ, ಆಮೇಲೆ ಗಂಡಿನ ಕಡೆಯವರ ಜಿಪುಣತನ, ಹುಡುಗಿಯ ಸೀರೆಯ ಬಣ್ಣ, ಗೂಡಿನ ಧಾರಣೆ ಎಂದು ಮಾತು ಹಾಯಾಗಿ ಹರಿಯಿತು. ನಾವು ಬಾಗಿಲಲ್ಲೇ ನಿಂತಿರುವುದನ್ನು ಕಂಡ ಹೆಣ್ಣಿನ ಸೋದರಮಾವ ಗಾಬರಿಯಿಂದ ಓಡಿಬಂದು, "ಊಟ ಮಾಡದೆ ಹೊರಟುಬಿಟ್ರಾ?" ಎಂದು ಒಬ್ಬೊಬ್ಬರ ಕೈಗೂ ತಾಂಬೂಲದ ಚೀಲ ಹಿಡಿಸಿದರು. ಇಲ್ಲ ಸ್ವಾಮಿ, ಸುಮ್ಮನೆ ನಿಂತಿದ್ದೀವಿ ಎಂದರೂ ಕೇಳಲಿಲ್ಲ. ಊಟ ಮುಗಿಸಿ ಹೊರಡುವಾಗ ಅವರ ತಮ್ಮ ಇನ್ನೊಂದು ಚೀಲ ಕೊಟ್ಟ. ಎರಡು ತೆಂಗಿನಕಾಯಿ, ಭಾರ ಎತ್ತಬಾರದೆಂದು ಫಿಸಿಯೋ ಹುಡುಗಿಯ ಕಟ್ಟಪ್ಪಣೆ. ಒಂದನ್ನು ಕುತ್ತಿಗೆನೋವಿನವರ ಚೀಲಕ್ಕೆ ಮೆಲ್ಲಗೆ ಇಳಿಬಿಟ್ಟೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನೋಡುತ್ತೇನೆ, ನನ್ನ ಚೀಲದಲ್ಲಿ ಮೂರಿವೆ.